ಅಪ್ಪನಿಗೊಂದು ಈಸಲು

ನಾನು ಸೀರೆಗೆ ಕುಚ್ಚು ಕಟ್ಟುವವಳು. ಹೊಳೆನರಸೀಪುರದಲ್ಲಿ ನಮ್ಮ ಮನೆಯ ಮುಂದಿನ ರೂಮೇ ನನ್ನ ಅಂಗಡಿ. ಒಂದು ಹೊಲಿಗೆ ಮಿಷನ್, ಒಂದು ಮೇಜು, ಗೋಡೆ ತುಂಬ ರೇಷ್ಮೆ ದಾರದ ಉಂಡೆಗಳು. ಕಟ್ಟಿದ ಕುಚ್ಚುಗಳ ಫೋಟೋ ತೆಗೆದು ನನ್ನ ಪೇಜಿಗೆ ಹಾಕುತ್ತೇನೆ, ಕೆಳಗೆ ಬಾಯಿಗೆ ಬಂದದ್ದು ಬರೆಯುತ್ತೇನೆ. ಕುಚ್ಚು ನೋಡಲು ಬರುವವರಿಗಿಂತ ನನ್ನ ಮಾತು ಓದಲು ಬರುವವರೇ ಜಾಸ್ತಿ ಅಂತ ನಮ್ಮ ಮನೆಯವರು ಅಣಕಿಸುತ್ತಾರೆ. ನಿಜವಿರಬಹುದು. ಈ ಸಲ ಕುಚ್ಚಿನ ವಿಷಯವಲ್ಲ. ಮೀನಿನ ಗಾಳಕ್ಕೆ ಕಟ್ಟುವ ನೊಣದ ವಿಷಯ.

ಹೌದು, ನೊಣ. ಕೊಕ್ಕೆಯ ಮೇಲೆ ದಾರ ಸುತ್ತಿ, ಪುಕ್ಕ ಸುತ್ತಿ, ಮೀನಿಗೆ ಇದು ಹುಳವೇ ಅನ್ನಿಸುವಂತೆ ಮಾಡುವ ಸುಳ್ಳು ನೊಣ. ಅಂಥದ್ದೊಂದು ಕೆಲಸ ಈ ಭೂಮಿಯ ಮೇಲೆ ಇದೆ ಅಂತ ಹೋದ ಮಾಘದ ತನಕ ನನಗೂ ಗೊತ್ತಿರಲಿಲ್ಲ.

ಹಾಸನದಿಂದ ಗಂಡ ಹೆಂಡತಿ ಇಬ್ಬರು ಮಗಳ ಮದುವೆ ಸೀರೆಗಳನ್ನು ಕುಚ್ಚಿಗೆ ಕೊಡಲು ಬಂದಿದ್ದರು. ಸಾಮಾನ್ಯವಾಗಿ ಯಜಮಾನರುಗಳು ಕಾರಲ್ಲೇ ಕೂತು ಫೋನ್ ನೋಡುತ್ತಾರೆ. ಈ ಯಜಮಾನರು ಒಳಗೆ ಬಂದು ಸ್ಟೂಲ್ ಎಳೆದುಕೊಂಡು ನನ್ನ ಬೆರಳನ್ನೇ ನೋಡುತ್ತ ಕೂತರು. ಸ್ವಲ್ಪ ಹೊತ್ತಾದ ಮೇಲೆ ಅಂಗಿ ಜೇಬಿನಿಂದ ಒಂದು ಚಿಕ್ಕ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದರು.

"ಇಂಥದ್ದು ಕಟ್ಟೋಕಾಗತ್ತಾ ಮೇಡಂ?"

ನೋಡಿದರೆ ಸಾಲಾಗಿ ಸತ್ತ ನೊಣಗಳು.

"ಇದೇನ್ ಸಾರ್, ಸತ್ತ ನೊಣಾನೆಲ್ಲ ಜೇಬಲ್ಲಿ ಇಟ್ಕೊಂಡು ತಿರುಗ್ತಿದೀರಾ?"

"ಸತ್ತಿಲ್ಲ ಮೇಡಂ, ಇವು ಹುಟ್ಟೇ ಇಲ್ಲ. ಕಟ್ಟಿರೋದು."

ಅವರ ಹೆಂಡತಿ ಹಣೆ ಚಚ್ಚಿಕೊಂಡರು. "ಇವರ ಹುಚ್ಚು ಕೇಳಲೇಬೇಡಿ. ಭಾನುವಾರ ಬಂದ್ರೆ ನೀರಲ್ಲಿ ನಿಂತಿರ್ತಾರೆ. ಹಿಡೀತಾರೆ, ಫೋಟೋ ತೆಗೀತಾರೆ, ವಾಪಸ್ ಬಿಡ್ತಾರೆ. ಮನೆಗೆ ಮಾತ್ರ ನಾನೇ ಮಾರ್ಕೆಟ್ಟಿಂದ ಮೀನು ತಂದು ಸಾರು ಮಾಡ್ಬೇಕು."

ನಾನು ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಮೈಗೆ ನವಿಲುಗರಿಯ ಎಳೆ ಸುತ್ತಿದ್ದಾರೆ, ಕತ್ತಿನ ಸುತ್ತ ಕೋಳಿ ಪುಕ್ಕ, ಕೊನೆಗೆ ಕಾಣದಂಥ ಒಂದು ಗಂಟು. ಕೆಲಸ ಚೆನ್ನಾಗಿತ್ತು. ನಾನು ಹೊಗಳುವುದು ಕಡಿಮೆ, ಹಾಗಾಗಿ ಸುಮ್ಮನೆ ತಿರುಗಿಸಿ ತಿರುಗಿಸಿ ನೋಡಿದೆ. ಅವರು ಹೇಳುತ್ತಿದ್ದರು: "ಇದರಲ್ಲಿ ಎರೆಹುಳ ಚುಚ್ಚೋ ಪಾಪ ಇಲ್ಲ. ಕೊಕ್ಕೆ ತುದೀಲಿ ಹಿಂದಕ್ಕೆ ತಿರುಗಿರೋ ಮುಳ್ಳು ಒತ್ತಿ ಮಟ್ಟ ಮಾಡ್ಬಿಟ್ರೆ ಮೀನಿನ ಬಾಯಿಂದ ಸಲೀಸಾಗಿ ಬಿಡಿಸಬಹುದು. ಅದೂ ಬದುಕತ್ತೆ."

ಆ ಮಾತಿಗೆ ನನ್ನ ಕೈ ನಿಂತಿತು. ನನಗೆ ಅಪ್ಪನ ನೆನಪಾಯಿತು.

ಅಪ್ಪ ಇರುವುದು ಹಳೇಕೋಟೆ ಕಡೆಯ ನಮ್ಮೂರಲ್ಲಿ, ತಮ್ಮನ ಸಂಸಾರದ ಜೊತೆ. ಜೀವಮಾನವೆಲ್ಲ ರಾಗಿ, ತೆಂಗು, ಹಸು ಅಂತ ದುಡಿದ ಮನುಷ್ಯ. ಆದರೆ ಹೊತ್ತು ಇಳಿಮುಖವಾಯಿತೋ, ಹೊಲದಲ್ಲಿ ಏನೇ ಕೆಲಸವಿರಲಿ, ಬಿದಿರಿನ ಗಾಳದ ಕಡ್ಡಿ ಹೆಗಲಿಗೆ ಹಾಕಿಕೊಂಡು ಹೇಮಾವತಿ ಕಡೆ ಹೊರಟುಬಿಡುತ್ತಿದ್ದ. ಅಲ್ಲೊಂದು ಹೊಳೆಮತ್ತಿ ಮರ, ಅದರ ಬೇರಿನ ಮೇಲೆ ಅಪ್ಪ. ಕತ್ತಲಾಗುವ ಹೊತ್ತಿಗೆ ಗೆಂಡೆಯೋ ಜಿಲೇಬಿ ಮೀನೋ ಹಿಡಿದು ಬರುತ್ತಿದ್ದ. "ಬಂದ ನೋಡು ಹೊಳೆ ದೊರೆ" ಅಂತ ಅವ್ವ ಬೈಯುತ್ತಲೇ ಖಾರ ಅರೆಯುತ್ತಿದ್ದಳು.

ಅವ್ವ ತೀರಿಕೊಂಡ ಮೇಲೆ ಊರಿನವರು ಚನ್ನರಾಯಪಟ್ಟಣದಿಂದ ಬಸ್ ಮಾಡಿಕೊಂಡು ಕಾಶಿಗೆ ಹೊರಟರು, ಅಪ್ಪನೂ ಹೋದ. ಕಾಶಿಗೆ ಹೋದವರು ಅಲ್ಲಿ ಏನಾದರೊಂದು ಬಿಟ್ಟು ಬರಬೇಕು. ಇಷ್ಟವಾದದ್ದನ್ನು ಬಿಡಬೇಕು, ಬಿಟ್ಟ ಮೇಲೆ ಸಾಯುವ ತನಕ ಅದನ್ನು ತಿನ್ನಬಾರದು. ನಿಯಮ ಹಾಗಿದೆ. ಆದರೆ ನಮ್ಮ ಜನ ಜಾಣರು. ಆ ಬಸ್ಸಿನಲ್ಲಿ ಹೋದ ಅರ್ಧ ಜನ ಹಾಗಲಕಾಯಿ ಬಿಟ್ಟು ಬಂದರು. ಹಲ್ಲೇ ಇಲ್ಲದ ಒಬ್ಬ ಅಜ್ಜಿ ಸೀಬೆಕಾಯಿ ಬಿಟ್ಟಿತು. ನಮ್ಮಪ್ಪ ಒಬ್ಬನೇ ಪೆದ್ದ. ಅವ್ವನ ಹೆಸರು ಹೇಳಿ, ಗಂಗೆಯಲ್ಲಿ ನಿಂತು, ಮೀನು ಬಿಟ್ಟ.

ಮೀನಿನ ಜೊತೆಗೆ ಹೊಳೆಯನ್ನೂ ಬಿಟ್ಟ. ಕಾಶಿಯಿಂದ ಬಂದ ದಿನದಿಂದ ಆ ಕಡೆ ಕಾಲಿಡಲಿಲ್ಲ. ಸಂಜೆಯಾದರೆ ಟಿವಿ ಮುಂದೆ ಕೂರುವುದು, ಅದರಲ್ಲಿ ಏನು ಬರುತ್ತಿದೆ ಅಂತ ಕೇಳಿದರೆ ಗೊತ್ತಿರುತ್ತಿರಲಿಲ್ಲ. ನಾನು ಫೋನ್ ಮಾಡಿದರೆ "ಊಟ ಆಯ್ತಾ" ಅಂದರೆ "ಆಯ್ತು", "ಚೆನ್ನಾಗಿದೀಯಾ" ಅಂದರೆ "ಅವ್ನಿ". ಮುಗಿಯಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಬಿಪಿ ಸರಿ, ಶುಗರ್ ಸರಿ, ಎಲ್ಲ ಸರಿ ಅಂದರು. ಎಲ್ಲ ಸರಿಯಿದ್ದ ಮನುಷ್ಯ ದಿನದಿಂದ ದಿನಕ್ಕೆ ಕುರ್ಚಿಯೊಳಗೆ ಇಳಿದು ಹೋಗುತ್ತಿದ್ದ. ತಮ್ಮ ಹೆದರಿದ್ದ, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ನಾನೂ ಹೆದರಿದ್ದೆ.

ಈ ಸುಳ್ಳು ನೊಣವಿದ್ದರೆ ಹುಳ ಚುಚ್ಚಬೇಕಿಲ್ಲ, ಮೀನು ಸಾಯಬೇಕಿಲ್ಲ, ತಿನ್ನುವ ಮಾತಂತೂ ಇಲ್ಲವೇ ಇಲ್ಲ. ಹಾಗಿದ್ದ ಮೇಲೆ ಕಾಶಿಯಲ್ಲಿ ಬಿಟ್ಟದ್ದಕ್ಕೆ ಏನು ಭಂಗ? ಅಪ್ಪ ಮತ್ತೆ ಹೊಳೆ ದಂಡೆಯಲ್ಲಿ ಹೋಗಿ ಕೂರಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

"ಒಂದು ನೊಣ ಇಲ್ಲೇ ಬಿಟ್ಟು ಹೋಗಿ ಸಾರ್. ಕೊಕ್ಕೆನೂ ಒಂದಷ್ಟು ಕೊಡಿ. ಕಟ್ಟೋದು ಕಲೀತೀನಿ, ಆದ್ರೆ ಮೊದಲನೇದು ನಮ್ಮಪ್ಪಂಗೆ. ಆಮೇಲೆ ನಿಮಗೆ" ಅಂದೆ.

ಅವರು ಖುಷಿಯಾಗಿ ಒಪ್ಪಿಕೊಂಡು, ಫೋನಿಗೆ ವಿಡಿಯೋಗಳನ್ನೂ ಕಳಿಸಿದರು. ವಿಡಿಯೋದಲ್ಲಿ ಒಬ್ಬ ದೊಡ್ಡ ಗಡ್ಡದ ಬಿಳಿಯ. ಅವನ ಹೆಬ್ಬೆರಳು ನನ್ನ ಮೊಣಕೈಯಷ್ಟಿತ್ತು. ಆ ಹೆಬ್ಬೆರಳಿನಲ್ಲಿ ಒಂದು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ನೊಣ ಕಟ್ಟಿ ಎಸೆದ. ಇವನಿಗೇ ಆಗುವುದಾದರೆ ಮದುವೆ ಸೀಸನ್ನಿನಲ್ಲಿ ದಿನಕ್ಕೆ ಮೂರು ಸೀರೆ ಮುಗಿಸುವ ನನಗೆ ಆಗುವುದಿಲ್ಲವೇ ಅಂದುಕೊಂಡೆ.

ಆಗಲಿಲ್ಲ.

ಮೊದಲನೆಯದಾಗಿ ಕೊಕ್ಕೆಯನ್ನು ಹಿಡಿದುಕೊಳ್ಳುವುದು ಯಾರು? ಬಿಳಿಯನ ಹತ್ತಿರ ಅದಕ್ಕೊಂದು ಇಕ್ಕಳದಂಥ ಸ್ಟ್ಯಾಂಡ್ ಇತ್ತು. ನಾನು ಬುದ್ಧಿ ಓಡಿಸಿ, ಬಟ್ಟೆ ಅದುಮಿ ಹಿಡಿಯುತ್ತದಲ್ಲ, ಹೊಲಿಗೆ ಮಿಷನ್ನಿನ ಆ ಪಾದದ ಕೆಳಗೆ ಕೊಕ್ಕೆ ಸಿಕ್ಕಿಸಿದೆ. ನಿಂತಿತು. ದಾರ ಸುತ್ತಿ ಎಳೆದೆ. ಕೊಕ್ಕೆ ಗಿರ್ರನೆ ತಿರುಗಿ ನನ್ನ ತೋರುಬೆರಳಿಗೆ ನಾಟಿತು. ನಮ್ಮ ಮನೆಯವರು ಬಂದು ಬಿಡಿಸಿದರು. "ಮೀನು ಸಿಗೋಕ್ ಮುಂಚೆ ಮೀನು ಹಿಡಿಯೋಳೇ ಸಿಕ್ಕಾಕೊಂಡ್ಳು" ಅಂತ ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕರು. ಎದುರುಗಡೆ ಅಂಗಡಿಯ ಅಕ್ಕಸಾಲಿಗರ ಹತ್ತಿರ ಉಂಗುರ ಹಿಡಿಯುವ ಹಳೆಯ ಕೈ ಇಕ್ಕಳ ಒಂದಿತ್ತು. ಅದನ್ನು ಕೇಳಿ ತಂದು ಮೇಜಿನ ಅಂಚಿಗೆ ಹಗ್ಗದಲ್ಲಿ ಬಿಗಿದೆ. ಆಮೇಲೆ ಕೊಕ್ಕೆ ಅಲ್ಲಾಡಲಿಲ್ಲ.

ಎರಡನೆಯದು ನನ್ನ ಕೈಯ ಅಭ್ಯಾಸ. ಅದೇ ನಿಜವಾದ ಕಷ್ಟ. ಕುಚ್ಚು ಜೋತು ಬೀಳುವ ವಸ್ತು. ಮೇಲೆ ಒಂದು ಕಡೆ ಬಿಗಿಯಾಗಿ ಕಟ್ಟಿದರೆ ಸಾಕು, ಕೆಳಗಿನದ್ದು ತಾನಾಗಿ ಇಳಿಬಿದ್ದು ಚೆಂದ ಕಾಣುತ್ತದೆ. ನೊಣ ಹಾಗಲ್ಲ, ಅದು ಕೊಕ್ಕೆಯ ಬೆನ್ನಿನ ಉದ್ದಕ್ಕೂ ಮಲಗಬೇಕು. ಮೂತಿಯಿಂದ ಬಾಲದ ತನಕ ಒಂದೊಂದು ಸುತ್ತೂ ಪಕ್ಕಪಕ್ಕ ಕೂರಬೇಕು. ನನ್ನ ಬೆರಳು ಮಾತ್ರ ಕುಚ್ಚಿನ ಗಂಟನ್ನೇ ಹಾಕುತ್ತಿತ್ತು. ಬೇಡ ಬೇಡ ಅಂದರೂ ಹಾಕುತ್ತಿತ್ತು. ಮೊದಲ ನೊಣ ಮುಗಿಸಿ ಮನೆಯವರಿಗೆ ತೋರಿಸಿದೆ.

"ಇದು ನೊಣ ಅಲ್ಲ ಕಣೆ. ಜಡೆ ಕುಚ್ಚು. ಯಾವ್ದಾದ್ರೂ ಮೀನಿಗೆ ಮದುವೆ ಇದ್ರೆ ಕಳಿಸು."

ಅವರ ಮಾತಿರಲಿ, ಬಕೆಟ್ಟಿಗೆ ಹಾಕಿ ನೋಡಿದೆ. ರೇಷ್ಮೆ ದಾರ ಬಣ್ಣ ಬಿಟ್ಟು ನೀರೆಲ್ಲ ಕುಂಕುಮದ ಹಾಗಾಯಿತು. ಒಂದು ಚಣಕ್ಕೆ ಗಂಟು ಸಡಿಲವಾಗಿ ಪುಕ್ಕ ಒಂದು ಕಡೆ, ದಾರ ಒಂದು ಕಡೆ ತೇಲತೊಡಗಿದವು. ಮುಂದಿನದರಲ್ಲಿ ಕೊಕ್ಕೆಯ ಕಣ್ಣಿನ ತನಕ ದಾರ ಸುತ್ತಿಬಿಟ್ಟು, ಗಾಳದ ಎಳೆ ಪೋಣಿಸಲು ತೂತೇ ಉಳಿಯಲಿಲ್ಲ. ಇನ್ನೊಂದರಲ್ಲಿ ಪುಕ್ಕವನ್ನು ಉಲ್ಟಾ ಸುತ್ತಿ ಅದು ಮಳೆಯಲ್ಲಿ ತಿರುವಿಕೊಂಡ ಕೊಡೆಯಂತಾಯಿತು. ಕೋಳಿ ಅಂಗಡಿಗೆ ಹೋಗಿ, ನಾಟಿ ಹುಂಜದ ಕತ್ತಿನ ಪುಕ್ಕ ಮಾತ್ರ ಕೊಡಪ್ಪ ಅಂದರೆ ಆ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಟಕ್ಕಾ ಅಕ್ಕಾ?" ಅಂದ.

"ಹೂಂ ಕಣಪ್ಪ. ಮೀನಿಗೆ ಮಾಡಿಸ್ತಿದೀನಿ" ಅಂದೆ. ಪುಕ್ಕ ಕೊಟ್ಟು ಬೇಗ ಕಳಿಸಿದ.

ನಿಧಾನಕ್ಕೆ ಕೈ ಪಳಗಿತು. ರೇಷ್ಮೆ ಬಿಟ್ಟು ಬಣ್ಣ ಹೋಗದ ಪಾಲಿಯೆಸ್ಟರ್ ದಾರಕ್ಕೆ ಬಂದೆ. ಕಡಿಮೆ ಸುತ್ತಬೇಕು ಅನ್ನುವುದು ತಲೆಗೆ ಹೋಯಿತು. ಸೀರೆಯಲ್ಲಿ ತುಂಬಿದಷ್ಟೂ ಚೆಂದ; ಇಲ್ಲಿ ಸಾಕು ಅನ್ನಿಸುವುದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಿದರೆ ಚೆಂದ. ಕೊನೆಯ ಗಂಟಿನ ಮೇಲೆ ಒಂದು ಹನಿ ನೇಲ್ ಪಾಲಿಶ್ ಇಟ್ಟರೆ ನೀರಿನಲ್ಲೂ ಬಿಚ್ಚುವುದಿಲ್ಲ ಅನ್ನುವುದೂ ಗೊತ್ತಾಯಿತು. ಒಂದು ಬೆಳಿಗ್ಗೆ ಕಟ್ಟಿದ ನೊಣವನ್ನು ಹಾಸನದವರು ಕೊಟ್ಟದ್ದರ ಪಕ್ಕ ಇಟ್ಟು ನೋಡಿದೆ. ಯಾವುದು ನನ್ನದು ಅಂತ ಹುಡುಕಬೇಕಾಯಿತು. ಅಂಗಡಿ ಬಾಗಿಲು ಎಳೆದುಕೊಂಡು, ಬಸ್ ಹತ್ತಿ ಊರಿಗೆ ಹೋದೆ.

ಅಪ್ಪ ಟಿವಿ ಮುಂದೆ ಇದ್ದ. ಅವನ ಅಂಗೈ ಮೇಲೆ ನೊಣ ಇಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡ. ತಿರುಗಿಸಿದ. ಮೂತಿ ಹತ್ತಿರ ಊದಿ ಪುಕ್ಕ ಅಲ್ಲಾಡುವುದನ್ನು ನೋಡಿದ.

"ಯಾರ್ ಮಾಡಿದ್ದು?"

"ನಾನೇ. ಇದಕ್ಕೆ ಹುಳ ಬ್ಯಾಡ ಅಪ್ಪ. ಮುಳ್ಳೂ ಒತ್ತಿದೀನಿ. ಮೀನು ಸಿಕ್ಕಿದ್ರೆ ಬಿಟ್ಟುಬಿಡೋದು, ತಿನ್ನೋ ಮಾತೇ ಇಲ್ಲ. ಕಡ್ಡಿ ತಗೊ, ಹೋಗಣ ನಡಿ ಹೊಳೆಗೆ."

ಅಡುಗೆಮನೆಯಿಂದ ತಮ್ಮನ ಹೆಂಡತಿ ಬಂದಳು. ಒಳ್ಳೆಯ ಹೆಣ್ಣುಮಗಳು, ಅಪ್ಪನನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ.

"ಏನಕ್ಕಾ ನೀನು, ಹಿಂಗಾ ಮಾಡದು? ಅತ್ತೆ ಹೆಸ್ರೇಳಿ ಕಾಶೀಲಿ ಬಿಟ್ ಬಂದವ್ರೆ. ಏನಾರ ಹೆಚ್ಚುಕಮ್ಮಿ ಆದ್ರೆ?"

"ಬಿಟ್ಟಿರೋದು ತಿನ್ನೋದನ್ನ ಕಣೆ. ಹೊಳೆ ಹತ್ರ ಕೂರೋಕೇನು? ಆ ಗಾಳದ ಕಡ್ಡಿ ಎಲ್ಲಿ?"

ಅವಳು ಹಿತ್ತಲ ಕಡೆ ಕೈ ತೋರಿಸಿದಳು. ಹೋಗಿ ನೋಡಿದರೆ, ಸೋರೆ ಬಳ್ಳಿಯ ಚಪ್ಪರಕ್ಕೆ ಅಪ್ಪನ ಕಡ್ಡಿ ಆಸರೆಯಾಗಿ ನಿಂತಿತ್ತು. ಬಳ್ಳಿ ಅದನ್ನು ಸುತ್ತಿ ಸುತ್ತಿ ತುದಿ ಮುಟ್ಟಿ, ಮೇಲೊಂದು ಕಾಯಿಯೂ ಬಿಟ್ಟಿತ್ತು.

"ಮಾವ ಕಾಶಿಗ್ ಓದಾಗ್ಲೇ ನೆಟ್ಟೆ" ಅಂದಳು ಅವಳು, ನನ್ನ ಹಿಂದೆಯೇ ಬಂದು. "ಮೀನು ಬಿಟ್ಟೆ ಅಂತ ಅಲ್ಲಿಂದ ಫೋನ್ ಮಾಡಿದ್ರಲ್ಲಕ್ಕಾ. ಬಂದ್ ತಕ್ಷಣ ಕಡ್ಡಿ ಕಣ್ಣಿಗ್ ಬಿದ್ರೆ ಆಸೆ ಆಯ್ತದೆ, ಸಂಕಟ ಆಯ್ತದೆ ಅಂತ. ಹುಳದ ಡಬ್ಬಿನೂ ಎಸ್ದೆ. ಮನೇಲಿ ನಾವ್ಯಾರೂ ಮೀನ್ ಮಾಡಿಲ್ಲ ಅವತ್ನಿಂದ. ಮಕ್ಳು ಕೇಳಿದ್ರೂ ಮಾಡಿಲ್ಲ."

ಜಗಲಿಗೆ ವಾಪಸ್ ಬಂದೆವು. ಅಪ್ಪ ಎಲ್ಲ ಕೇಳಿಸಿಕೊಂಡಿದ್ದ. ನೊಣವನ್ನು ಇನ್ನೂ ಅಂಗೈಯಲ್ಲೇ ಇಟ್ಟುಕೊಂಡು, ಟಿವಿ ಕಡೆ ನೋಡುತ್ತ ಹೇಳಿದ:

"ನಾನು ಬಂದ್ ನೋಡ್ದೆ. ಕಡ್ಡಿ ಬಳ್ಳಿ ತಬ್ಕಂಡ್ ನಿಂತದೆ. ಓ, ಮನೇವ್ರಿಗೆ ಇನ್ ನಾನು ಹೊಳೇಗ್ ಓಗದು ಬ್ಯಾಡ ಅನ್ಸೈತೆ ಅನ್ಕಂಡೆ. ಕಾಶಿಗ್ ಓಗ್ಬಂದ್ ಮುದ್ಕ ಗಾಳ ಇಡ್ಕಂಡ್ ಕುಂತ್ರೆ ಊರೋರು ಈ ಮಗೀಗಲ್ವಾ ಅನ್ನದು, ಸೊಸೆ ಸರ್ಯಾಗ್ ನೋಡ್ಕಳಲ್ಲ ಅಂತ."

ಅವಳು ಅಲ್ಲೇ ಕೂತುಬಿಟ್ಟಳು. "ಒಂದ್ ಮಾತ್ ಏಳ್ಬಾರ್ದಾ ಮಾವ? ಒಂದ್ ಮಾತು!"

"ನೀನೂ ಏಳ್ನಿಲ್ಲ ಕಣವ್ವ."

ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನೂ ಬೈಯಲು ಆಗಲಿಲ್ಲ. ಒಬ್ಬರಿಗೆ ನೋವಾಗಬಾರದು ಅಂತ ಇನ್ನೊಬ್ಬರು ಬಾಯಿ ಹೊಲಿದುಕೊಂಡು, ಒಂದೇ ಮನೆಯಲ್ಲಿ ಎರಡು ವರ್ಷ ಸೋರೆಕಾಯಿ ಪಲ್ಯ ತಿಂದುಕೊಂಡು ಕೂತಿದ್ದರು. ನಮ್ಮ ಕಡೆಯವರ ಪ್ರೀತಿ ಅಂದರೆ ಹೀಗೇ. ಏನು ಬೇಕು ಅಂತ ಕೇಳುವುದಿಲ್ಲ, ತಾವೇ ಊಹೆ ಮಾಡಿ ಕೊಟ್ಟುಬಿಡುತ್ತಾರೆ.

ಗಂಟು ಬಿಚ್ಚಿತು, ಇನ್ನೇನು ಅಪ್ಪ ಎದ್ದು ಹೊರಡುತ್ತಾನೆ ಅಂದುಕೊಂಡೆ. ಹೊರಡಲಿಲ್ಲ. ನೊಣವನ್ನು ನನ್ನ ಕೈಗೆ ವಾಪಸ್ ಕೊಟ್ಟ.

"ಚೆನ್ನಾಗ್ ಕಟ್ಟಿದ್ದೀಯ. ಆದ್ರೆ ನಂಗ್ಯಾಕೋ ಮನ್ಸಿಲ್ಲ ಕಣವ್ವ. ಹುಳ ಚುಚ್ಚಕ್ಕಂತೂ ಈಗ ಕೈ ಬರಕಿಲ್ಲ. ಇದು ನೋಡಿದ್ರೆ ಯಾವ್ದೋ ದೇಸದ್ದು. ಇಂಥ ನೊಣ ನಾನು ನಮ್ ಹೊಳೇಲಿ ಕಂಡೇ ಇಲ್ಲ. ಮೀನು ಎಲ್ಲಿಂದ ಕಂಡಾತು?"

"ಮತ್ತೆ ನಮ್ ಹೊಳೆ ಮೀನು ಏನ್ ತಿಂತಾವೆ? ಹೇಳು, ಅದನ್ನೇ ಕಟ್ತೀನಿ."

ಅಪ್ಪ ಟಿವಿ ಕಡೆಯಿಂದ ಮುಖ ತಿರುಗಿಸಿದ. ಬಹಳ ದಿನದ ಮೇಲೆ ಅಷ್ಟುದ್ದ ಮಾತಾಡಿದ.

"ಮೊದಲ್ನೇ ಮಳೆ ಬಿದ್ ಮಾರ್ನೆ ದಿನ ನೋಡ್ಬೇಕು ನೀನು. ಹುತ್ತದಿಂದ ಈಸ್ಲು ಏಳ್ತವಲ್ಲ, ಗಾಳೀಲಿ ತೂರ್ಕಂಡ್ ಬಂದು ನೀರ್ ಮೇಲ್ ಬೀಳ್ತವೆ. ರೆಕ್ಕೆ ಅಗಲುಸ್ಕಂಡು ಅಂಗೇ ಮಲಿಕ್ಕಂಬಿಡ್ತವೆ, ಏಳಕ್ಕಾಗಕಿಲ್ಲ. ಆಗ್ ನೋಡು, ಇಡೀ ಹೊಳೆ ಬಾಯ್ಬುಟ್ಟಂಗ್ ಆಯ್ತದೆ. ಪಟ್, ಪಟ್, ಪಟ್. ಗೆಂಡೆ ಏನು, ಜಿಲೇಬಿ ಏನು, ಎಲ್ಲಾ ಮ್ಯಾಲೇ ಬಂದ್ಬುಡ್ತವೆ."

ಈಸಲು ಅಂದರೆ ರೆಕ್ಕೆ ಬಂದ ಗೆದ್ದಲು. ನಾವು ಚಿಕ್ಕವರಿದ್ದಾಗ ಹಿಡಿದು ಹುರಿದು ತಿಂದದ್ದೂ ಉಂಟು. ಅಪ್ಪ ಎರಡು ಕೈಯನ್ನೂ ಚಾಚಿ, ನೀರಿನ ಮೇಲೆ ಬಿದ್ದ ಈಸಲಿನಂತೆ ಕುರ್ಚಿಯಲ್ಲೇ ಮಲಗಿ ತೋರಿಸಿದ. ತಮ್ಮನ ಹೆಂಡತಿ ಕಣ್ಣು ಒರೆಸಿಕೊಂಡು ನಕ್ಕಳು.

ವಾಪಸ್ ಬಂದು ಈಸಲಿಗೆ ಕೂತೆ. ಈಗ ಗಡ್ಡದ ಬಿಳಿಯನ ಸಹಾಯವಿಲ್ಲ. ಅವನ ವಿಡಿಯೋದಲ್ಲಿ ಈಸಲು ಇರಲಿಲ್ಲ. ಹಾಸನದವರಿಗೆ ಫೋನ್ ಮಾಡಿದರೆ, "ತೇಲಬೇಕು ಅಂದ್ರೆ ಒಳಗೆ ಏನಾದ್ರೂ ಹಗುರವಾದದ್ದು ಹಾಕಿ ನೋಡಿ ಮೇಡಂ" ಅಂದರು, ಅಷ್ಟೇ. ಮನೆಯಲ್ಲಿ ಹಗುರವಾದದ್ದು ಏನಿದೆ? ಹಳೆಯ ಹವಾಯಿ ಚಪ್ಪಲಿ ಇತ್ತು. ಅಟ್ಟೆಯಿಂದ ಸಣ್ಣ ಚೂರು ಕೊಯ್ದು, ಅಕ್ಕಿಕಾಳಿನಷ್ಟು ಸವರಿ, ಮೇಲೆ ಕಂದು ದಾರ ಸುತ್ತಿದೆ. ತೇಲಿತು! ರೆಕ್ಕೆಗೆ ಹೊಸ ಸೀರೆ ಬರುವ ಪ್ಲಾಸ್ಟಿಕ್ ಕವರನ್ನು ಎಲೆಯ ಹಾಗೆ ಕತ್ತರಿಸಿದೆ. ಕಟ್ಟಿದರೆ ರೆಕ್ಕೆ ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಅಪ್ಪ ಹೇಳಿದ್ದು ಮಲಗಿದ ಈಸಲು, ಇದು ಹಾರಲು ಹೊರಟ ಈಸಲು. ರೆಕ್ಕೆಯ ಬುಡದಲ್ಲಿ ಎಂಟರ ಅಂಕಿಯ ಹಾಗೆ ದಾರವನ್ನು ಅಡ್ಡಡ್ಡ ಹಾಕಿ ಬಿಗಿದರೆ ಮಲಗುತ್ತದೆ ಅಂತ ಕಂಡುಕೊಳ್ಳುವಷ್ಟರಲ್ಲಿ ಚಪ್ಪಲಿಯ ಹಿಮ್ಮಡಿ ಮಾಯವಾಗಿತ್ತು. ಅದು ನಮ್ಮ ಮನೆಯವರ ಬಚ್ಚಲ ಚಪ್ಪಲಿ. ಅವರ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಮೊದಲ ಮಳೆ ಒಂದು ಸಂಜೆ ಹಾಸನದ ಕಡೆಯಿಂದ ಗುಡುಗುತ್ತ ಬಂತು. ಮರುದಿನ ಮಧ್ಯಾಹ್ನ ಆಚೆ ನೋಡಿದರೆ, ರಸ್ತೆ ಪಕ್ಕದ ಮಣ್ಣಿನಿಂದ ಈಸಲು ಏಳುತ್ತಿವೆ. ಒಂದನ್ನು ಹಿಡಿದು ನನ್ನದರ ಪಕ್ಕ ಇಟ್ಟೆ. ನನ್ನದು ಸ್ವಲ್ಪ ದಪ್ಪ. ಆಗಲಿ, ತಿಂದು ಉಂಡು ಬೆಳೆದ ಈಸಲು ಅಂದುಕೊಳ್ಳಲಿ ಮೀನು. ಕಟ್ಟಿದ್ದವನ್ನೆಲ್ಲ ಕುಂಕುಮದ ಭರಣಿಗೆ ಹಾಕಿಕೊಂಡು ಬಸ್ ಹತ್ತಿದೆ.

ಅಪ್ಪ ಈ ಸಲ ಟಿವಿ ಮುಂದೆ ಇರಲಿಲ್ಲ. ಜಗಲಿಯ ಮೇಲೆ ನಿಂತು ಆಕಾಶ ನೋಡುತ್ತಿದ್ದ. ಭರಣಿ ಬಿಚ್ಚಿ ತೋರಿಸಿದೆ. ಒಂದನ್ನು ತೆಗೆದು, ತಂಬಿಗೆ ನೀರಿಗೆ ಹಾಕಿ, ಬಾಗಿ ನೋಡಿದ. ಈಸಲು ರೆಕ್ಕೆ ಚಾಚಿ ಮಲಗಿಕೊಂಡಿತು.

"ಯಾತ್ರಲ್ಲಿ ಮಾಡ್ದೆ ಇದ್ನ?"

"ಚಪ್ಪಲೀಲಿ."

ಅಪ್ಪ ನಕ್ಕ. ಹೊಟ್ಟೆ ಕುಣಿಸಿ ನಗುವ ಆ ನಗು ಅವ್ವ ಹೋದ ಮೇಲೆ ನಾನು ಕೇಳಿರಲಿಲ್ಲ. "ಚಪ್ಲೀಲಿ ಹೊಡಿಯೋದ್ ಕೇಳಿವ್ನಿ, ಚಪ್ಲಿ ತಿನ್ಸೋದು ಕಂಡಿರ್ನಿಲ್ಲ!"

ನಕ್ಕು ಮುಗಿಸಿ ಈಸಲನ್ನು ತಂಬಿಗೆಯಿಂದ ಎತ್ತಿಕೊಂಡ. ಹೋಗೋಣ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಕಣ್ಣು ಮಾತ್ರ ಒಳಗೆ, ಅಡುಗೆಮನೆಯ ಬಾಗಿಲ ಕಡೆ ಹೋಯಿತು. ತಮ್ಮನ ಹೆಂಡತಿ ಅಲ್ಲೇ ನಿಂತಿದ್ದಳು.

"ಅಕ್ಕಾ, ಒಂದ್ ಕೇಳ್ತೀನಿ" ಅಂದಳು. "ಕೊಕ್ಕೆ ಸಿಕ್ಕಾಕ್ಕೊಂಡ್ರೆ ಅದುಕ್ಕೆ ನೋವಾಗಲ್ವಾ?"

"ಆಗತ್ತೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಸಾಯಲ್ಲ."

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ಕುಡುಗೋಲು ತೆಗೆದುಕೊಂಡು ಹಿತ್ತಲಿಗೆ ಹೋದಳು. ಸರಸರ ಸದ್ದು ಕೇಳಿಸಿತು. ಕಾಯಿ ಬಿಟ್ಟ ಬಳ್ಳಿಯನ್ನು ಅವಳೇ ಬಿಡಿಸಿ ಪಕ್ಕದ ಗೂಟಕ್ಕೆ ಹಬ್ಬಿಸಿ, ಕಡ್ಡಿಯನ್ನು ಸೆರಗಿನಲ್ಲಿ ಒರೆಸುತ್ತ ತಂದು ಅಪ್ಪನ ಮುಂದೆ ಹಿಡಿದಳು.

"ತಗಳಿ ಮಾವ. ಯಾರಾರ ಏನಾರ ಅಂದ್ರೆ ನನ್ ತಕ ಕಳ್ಸಿ. ನಾನ್ ಮಾತಾಡ್ತೀನಿ."

ಕಡ್ಡಿಯ ಬುಡ ಸ್ವಲ್ಪ ಕುಂಬಾಗಿತ್ತು. ಅಪ್ಪ ಅಷ್ಟನ್ನು ಕೊಯ್ದು ಬಿಸಾಡಿ, ಬಗ್ಗಿಸಿ ನೋಡಿ, ನಾನು ತಂದಿದ್ದ ಗಾಳದ ಎಳೆಯನ್ನು ತುದಿಗೆ ಕಟ್ಟಿ, ಹೆಗಲಿಗೆ ಹಾಕಿಕೊಂಡ.

ಹೊಳೆಯಲ್ಲಿ ನೀರು ಇನ್ನೂ ಕೆಂಪಾಗಿರಲಿಲ್ಲ. ಮೇಲೆಲ್ಲ ಈಸಲು ಬಿದ್ದಿದ್ದವು, ಅಪ್ಪ ಹೇಳಿದ ಹಾಗೇ. ಪಟ್, ಪಟ್. ಅಪ್ಪ ಹೊಳೆಮತ್ತಿಯ ಬೇರಿನ ಮೇಲೆ ಕೂರಲಿಲ್ಲ, ನೀರಿನ ಅಂಚಿನಲ್ಲಿ ನಿಂತ. ಕೊಕ್ಕೆಯ ಕಣ್ಣಿಗೆ ಎಳೆ ಪೋಣಿಸಲು ಹೋದ, ಎರಡು ಸಲ ತಪ್ಪಿತು. ನಾನು ಪೋಣಿಸಲು ಹೋದೆ, ಕೊಡಲಿಲ್ಲ. ಆಚೆ ಕಡೆ ಎಮ್ಮೆ ಮೈತೊಳೆಯುತ್ತಿದ್ದ ನಮ್ಮೂರಿನ ಯಜಮಾನರೊಬ್ಬರು ನೋಡಿಬಿಟ್ಟರು.

"ಓಹೋಹೋ, ಕಾಶಿ ಗೌಡ್ರು! ಗಂಗಮ್ಮಂಗೆ ಕೊಟ್ ಮಾತು ಹೇಮಾವತೀಲಿ ತೊಳ್ಕಂಡ್ ಓಯ್ತಾ?"

ಅಪ್ಪ ಈಗ ಕಡ್ಡಿ ಕೆಳಗಿಟ್ಟು ಮನೆ ಕಡೆ ತಿರುಗುತ್ತಾನೆ ಅಂದುಕೊಂಡೆ. ಬಾಯಿ ತೆರೆದೆ, ಅಷ್ಟರಲ್ಲಿ ಅಪ್ಪನೇ ಹೇಳಿದ.

"ತಿನ್ನಾದ್ ಬಿಟ್ಟಿವ್ನಿ ಕಣ್ಲಾ, ನೋಡಾದಲ್ಲ. ನನ್ ಮಗ್ಳು ಈಸ್ಲು ಕಟ್ಟವ್ಳೆ. ಬಾ, ನೀನೂ ನೋಡು. ನಿನ್ ಎಮ್ಮೆನೂ ಕರ್ಕಂಬಾ."

ಆ ಯಜಮಾನರು ನಕ್ಕು ಎಮ್ಮೆಯ ಬೆನ್ನಿಗೆ ನೀರು ಎರಚಿದರು. ಅಷ್ಟೇ. ಎರಡು ವರ್ಷ ಹೆದರಿದ್ದ ಊರಿನ ಮಾತು ಅಷ್ಟೇ ಇತ್ತು.

ಅಪ್ಪ ಈಸಲನ್ನು ನೀರಿನ ಮೇಲೆ ಇಳಿಸಿದ. ಎಸೆಯಲಿಲ್ಲ, ಇಳಿಸಿದ. ನಿಜವಾದವುಗಳ ನಡುವೆ ಅದೂ ಒಂದಾಗಿ ಹರಿದುಕೊಂಡು ಹೋಯಿತು. ಒಂದು ಸಲ, ಎರಡು ಸಲ. ಮೀನು ಪಕ್ಕದ್ದನ್ನು ತಿಂದವು, ನನ್ನದನ್ನು ಬಿಟ್ಟವು. ದಪ್ಪ ಆಯಿತು, ಚಪ್ಪಲಿ ವಾಸನೆ ಇರಬೇಕು, ದಾರದ ಬಣ್ಣ ಸರಿಯಿಲ್ಲವೇನೋ ಅಂತ ನಾನು ದಂಡೆಯ ಮೇಲೆ ಕೂತು ಒಂದೇ ಸಮ ಒದರುತ್ತಿದ್ದೆ. ಪಟ್. ನನ್ನದು ಮಾಯವಾಯಿತು.

ಕಡ್ಡಿಯ ತುದಿ ಬಾಗಿತು. ಅಪ್ಪ ಅವಸರ ಮಾಡಲಿಲ್ಲ. ಅತ್ತ ಹೋದರೆ ಬಿಟ್ಟ, ಇತ್ತ ಬಂದರೆ ಎಳೆದುಕೊಂಡ. ಗೆಂಡೆ. ಅಂಗೈ ಉದ್ದವಿತ್ತು. ನೀರಿನಿಂದ ಎತ್ತಲಿಲ್ಲ, ಅಲ್ಲೇ ಕುಕ್ಕರಗಾಲಲ್ಲಿ ಕೂತು, ಕೈಯನ್ನು ನೀರಿನೊಳಗೆ ಇಳಿಸಿ, ಕೊಕ್ಕೆಯನ್ನು ಸ್ವಲ್ಪ ತಿರುಗಿಸಿದ. ಬಿಟ್ಟುಕೊಂಡಿತು. ಮೀನಿಗೆ ತಾನು ಬಿಡುಗಡೆಯಾದದ್ದು ತಕ್ಷಣ ಗೊತ್ತಾಗಲಿಲ್ಲ. ಅಪ್ಪನ ಬೆರಳಿನ ಪಕ್ಕ ಒಂದು ಚಣ ಹಾಗೇ ನಿಂತಿತ್ತು, ಕಿವಿರು ಆಡಿಸಿಕೊಂಡು. ಆಮೇಲೆ ಇರಲಿಲ್ಲ.

ಅಪ್ಪ ಎದ್ದು ನಿಂತು ಕೈ ಮೂಸಿಕೊಂಡ. ನಾನು ನೋಡುತ್ತಿದ್ದದ್ದು ಕಂಡಿತು.

"ವಾಸ್ನೆಗೇನ್ ದೋಸ ಇಲ್ಲ ಕಣವ್ವ" ಅಂದ.

ನನಗೆ ಮಾತು ತಡೆಯಲಾಗಲಿಲ್ಲ. ನೋಡಿದ್ಯಾ ಅಪ್ಪ, ಕಚ್ತು ನೋಡು, ಇನ್ನೂ ಸಣ್ಣ ಮಾಡ್ತೀನಿ, ರೆಕ್ಕೆ ಇನ್ನೂ ತೆಳ್ಳಗೆ ಮಾಡ್ತೀನಿ, ನಿಂಗೆ ಡಬ್ಬಿ ತುಂಬ ಕಟ್ಕೊಡ್ತೀನಿ, ತಮ್ಮಂಗೆ ಫೋಟೋ ಕಳಿಸ್ಲಾ, ಒಂದ್ ವಿಡಿಯೋ ಮಾಡ್ಲಾ. ಅಪ್ಪ ಮತ್ತೊಂದು ಸಲ ಈಸಲು ಇಳಿಸಿದ, ಏನೂ ಬರಲಿಲ್ಲ. ನನ್ನ ಕಡೆ ತಿರುಗಿದ.

"ಬಸ್ ಓಯ್ತದೆ, ಏಳು. ನಿನ್ ಬಾಯಿಗೆ ಹೆದ್ರಿ ಮೀನೆಲ್ಲಾ ಅರಕಲಗೂಡಿಗ್ ಓಗ್ಬುಟ್ಟವೆ."

"ಒಬ್ನೇ ಇರ್ತೀಯಾ?"

"ಇರ್ದೆ ಏನು? ಮೊದ್ಲು ಯಾರ್ ಇರೋರು?"

ಸೆರಗು ಕೊಡವಿಕೊಂಡು ಎದ್ದೆ. ದಂಡೆ ಹತ್ತುವಾಗ, "ನಾಳೆನೂ ಬತ್ತೀಯಾ ಇಲ್ಲಿಗೆ?" ಅಂತ ಕೇಳಿದೆ. ಅಪ್ಪ ನೀರಿನಿಂದ ಕಣ್ಣು ತೆಗೆಯದೆ ಹಿಂದಕ್ಕೆ ಕೈ ಚಾಚಿದ.

"ಆ ಭರಣಿ ಇಲ್ಲೇ ಬುಟ್ಟೋಗು. ಒಂದೆರಡು ಮರುಕ್ಕೆ ಸಿಕ್ಕಾಕ್ಕೊಂತವೆ."